ಪುಟ ನಾಲ್ಕು, ಪ್ರಶ್ನೆ ಹದಿನೇಳರ ಕೆಳಗಿನ ಚೌಕಕ್ಕೆ, ಒಂದು ಕುದುರೆಯ ವಿಷಯವಾಗಿ

ಮಾನ್ಯ ಚೌಕದವರೇ,

ಮೊದಲಿಗೆ, ಬರೆಯುತ್ತಿರುವುದಕ್ಕೇ ಕ್ಷಮೆ ಕೇಳುತ್ತೇನೆ. ತಾವು ಇನ್ನೂರು ಅಕ್ಷರಗಳಿಗಿಂತ ಹೆಚ್ಚು ಓದುವ ಅಭ್ಯಾಸ ಇಟ್ಟುಕೊಂಡವರಲ್ಲ. ಇನ್ನೂರ ಒಂದನೆಯದನ್ನು ಒತ್ತಿದರೆ ಕೀಬೋರ್ಡೇ ಸತ್ತುಹೋಯಿತೇನೋ ಅನ್ನುವಷ್ಟು ತಣ್ಣಗೆ ಕೂತುಬಿಡುತ್ತೀರಿ. ಅಂಥವರಿಗೆ ಇಷ್ಟುದ್ದದ ಪತ್ರ ಬರೆಯುವುದು ಮರ್ಯಾದೆಯಲ್ಲವೆಂದು ಬಲ್ಲೆ. ಅದೂ ನಾನು ಬರೀ ಫಸ್ಟ್ ಇಯರ್ ವಿದ್ಯಾರ್ಥಿನಿ. ನನ್ನ ಕನ್ನಡದಲ್ಲಿ ಅರ್ಧ ಇಂಗ್ಲಿಷ್, ಇಂಗ್ಲಿಷಿನಲ್ಲಿ ಅರ್ಧ ಟೆನ್ಷನ್. ಆದರೂ ಬರೆಯದೆ ಬೇರೆ ದಾರಿಯಿಲ್ಲ, ಏಕೆಂದರೆ ಇದೇ ಗುರುವಾರ ಬೆಳಿಗ್ಗೆ ಹತ್ತಕ್ಕೆ ಐದು ಮಂದಿ ದೊಡ್ಡ ಮನುಷ್ಯರು ನನ್ನಿಂದಾಗಿ ಗೋಡೆಗೆ ಮುಖ ಮಾಡಿ ಕೂರಲಿದ್ದಾರೆ, ಮತ್ತು ಅದನ್ನು ತಡೆಯಬಲ್ಲವರು ಈ ಲೋಕದಲ್ಲಿ ತಾವೊಬ್ಬರೇ.

ತಾವು ಕ್ಷೇಮವೆಂದು ನಂಬುತ್ತೇನೆ. ಕೆಲಸದ ಅರ್ಜಿಯ ನಾಲ್ಕನೇ ಪುಟದಲ್ಲಿ, 'ಸಂದರ್ಶನದ ವೇಳೆ ತಮಗೆ ವಿಶೇಷ ಅನುಕೂಲವೇನಾದರೂ ಬೇಕಿದ್ದಲ್ಲಿ ಇಲ್ಲಿ ತಿಳಿಸಿ' ಎಂಬ ವಾಕ್ಯವನ್ನು ನೆತ್ತಿಯ ಮೇಲೆ ಹೊತ್ತು ವರ್ಷವಿಡೀ ನಿಲ್ಲುವುದು ಸುಲಭದ ಮಾತಲ್ಲ. ತಮ್ಮ ಮೇಲ್ಮನೆಯಲ್ಲಿ ವಾಸವಾಗಿರುವ ಮೂರು ಗುಂಡನೆಯ ಬಟನ್‌ಗಳಿಗೂ, ಅಂದರೆ 'ಹೌದು', 'ಇಲ್ಲ' ಮತ್ತು 'ಹೇಳಲು ಇಚ್ಛೆಯಿಲ್ಲ' ಅವರಿಗೂ, ನನ್ನ ನಮಸ್ಕಾರ. ಮೂರನೆಯವರ ಬಗ್ಗೆ ನನಗೆ ವಿಶೇಷ ಗೌರವ. ನಾನು ಬಾಯಿ ಮುಚ್ಚಿಕೊಂಡಿದ್ದೇನೆ ಎಂದು ಬೀದಿಗೆಲ್ಲ ಕೇಳುವಂತೆ ಕೂಗಿ ಹೇಳುವ ಬಟನ್ ಇನ್ನೊಂದನ್ನು ನಾನು ಕಂಡಿಲ್ಲ.

ನನ್ನ ಪರಿಚಯ ಹೇಳಿಕೊಳ್ಳಬೇಕು. 'ನಿಮ್ಮ ಬಗ್ಗೆ ಹೇಳಿ' ಎಂದು ಯಾರಾದರೂ ಕೇಳಿದರೆ ನನಗೆ ಎಲ್ಲಿಂದ ಶುರು ಮಾಡಬೇಕೋ ತಿಳಿಯುವುದಿಲ್ಲ, ಹುಟ್ಟಿದ ಆಸ್ಪತ್ರೆಯಿಂದಲೋ, ಬೆಳಿಗ್ಗೆ ಹಲ್ಲುಜ್ಜಿದ್ದರಿಂದಲೋ. ತಾವು ಕೇಳಿಲ್ಲವಾದ್ದರಿಂದ ಆರಾಮಾಗಿ ಹೇಳುತ್ತೇನೆ. ಅಪ್ಪನಿಗೆ ಎರಡು ವರ್ಷಕ್ಕೊಮ್ಮೆ ವರ್ಗ. ಹಾಗಾಗಿ ಆರನೇ ವಯಸ್ಸಿಗೆ ನನ್ನನ್ನು ಹಾಸ್ಟೆಲ್ ಇದ್ದ ಶಾಲೆಗೆ ಸೇರಿಸಿದರು. ಅಲ್ಲಿ ಏಳುವುದಕ್ಕೊಂದು ಗಂಟೆ, ಸ್ನಾನಕ್ಕೊಂದು ಗಂಟೆ, ಊಟಕ್ಕೊಂದು, ಓದಿಗೊಂದು, ದೀಪ ಆರಿಸುವುದಕ್ಕೊಂದು. ಹನ್ನೆರಡು ವರ್ಷ ಒಂದೇ ಬೆಂಚು, ಬಕೆಟ್ ಇಡುವುದಕ್ಕೆ ಒಂದೇ ಜಾಗ, ತಟ್ಟೆಯಲ್ಲಿ ಅನ್ನ ಒಂದು ಕಡೆ, ಪಲ್ಯ ಇನ್ನೊಂದು ಕಡೆ, ನಡುವೆ ಗಡಿ. ಗಂಟೆ ಹೊಡೆಯುವುದಕ್ಕೆ ಒಂದು ನಿಮಿಷ ಮೊದಲೇ ನಾನು ಎದ್ದು ನಿಲ್ಲುತ್ತಿದ್ದುದರಿಂದ ಉಳಿದ ಹುಡುಗಿಯರು ನನಗಿಟ್ಟ ಹೆಸರೇ 'ಗಂಟೆ'. ಮೇಟ್ರನ್ ಮಾತ್ರ ನನ್ನನ್ನು ಎಲ್ಲರಿಗೂ ತೋರಿಸಿ, "ನೋಡ್ರೇ, ಶಿಸ್ತು ಅಂದ್ರೆ ಇದು. ಸ್ವಲ್ಪ ಕಲೀರಿ" ಎನ್ನುತ್ತಿದ್ದರು. ನಾನೂ ಅದನ್ನೇ ನಂಬಿದ್ದೆ. ಶಿಸ್ತಿನ ಬಹುಮಾನವೆಂದು ನಾಲ್ಕು ಸ್ಟೀಲ್ ಲೋಟ ಬಂದಿವೆ.

ಕಾಲೇಜಿಗೆ ಬಂದೆ ನೋಡಿ, ಇಲ್ಲಿ ಗಂಟೆಯೇ ಇಲ್ಲ. ಲ್ಯಾಬಿನ ಸಮಯ ಬದಲಾದರೆ ಅದನ್ನು ಮುನ್ನೂರು ಶುಭೋದಯಗಳ ನಡುವೆ ಒಂದು ಮೆಸೇಜಾಗಿ ತೂರಿಸಿಬಿಡುತ್ತಾರೆ. ನಾನು ಬೀಗ ತೆಗೆದಿದ್ದ ಖಾಲಿ ಲ್ಯಾಬಿನಲ್ಲಿ, ಆನ್ ಆಗದ ಕಂಪ್ಯೂಟರಿನ ಎದುರು, ಹಳೆಯ ಟೈಮ್‌ಟೇಬಲ್ ಪ್ರಕಾರ ಎರಡು ತಾಸು ಕೂತಿದ್ದೆ. ಕಸ ಗುಡಿಸಲು ಬಂದ ಆಯಾ, "ಏನಮ್ಮಾ, ಬೆಂಚಿಗೆ ಕಾವಲಾ?" ಎಂದು ಕೇಳಿದರು. ಮೂರನೇ ಸಲವೂ ನನ್ನನ್ನು ಹಾಗೆಯೇ ಕಂಡಾಗ ಅವರು ನಗದೆ ಕೈ ಹಿಡಿದು ಆಫೀಸಿಗೆ ಕರೆದುಕೊಂಡು ಹೋದರು, ಆಫೀಸಿನವರು ಡಾಕ್ಟರ ಬಳಿಗೆ ಕಳಿಸಿದರು, ಡಾಕ್ಟರು ನಾಲ್ಕು ಸಲ ಕೂರಿಸಿ ಮಾತಾಡಿಸಿ, ಕೊನೆಗೆ, "ಇದಕ್ಕೆ ಆಟಿಸಂ ಅಂತಾರಮ್ಮ. ಕಾಯಿಲೆ ಅಲ್ಲ. ನಿನ್ನ ಮಿದುಳು ಕೆಲಸ ಮಾಡೋ ರೀತಿ" ಎಂದರು. ನಾನು, "ಇದಕ್ಕೆ ಟೈಮ್‌ಟೇಬಲ್ ಇದೆಯಾ ಡಾಕ್ಟ್ರೇ?" ಎಂದು ಕೇಳಿದೆ. ಅವರು ಅದನ್ನೂ ಬರೆದುಕೊಂಡರು.

ಅದಾಗಿ ಐದು ತಿಂಗಳು. ಈ ಸುದ್ದಿ ಗೊತ್ತಿದ್ದವರು ಮೂವರೇ: ಡಾಕ್ಟರು, ನನ್ನ ಅಕ್ಕ, ಮತ್ತು ಗುಟ್ಟು ನಿಲ್ಲದ ಕೋಣೆಯಲ್ಲಿ ನನ್ನ ಜೊತೆ ಇರುವ ರೂಮ್‌ಮೇಟ್. ನಾಲ್ಕನೆಯದಾಗಿ ನಾನೇ ಬಾಯಿಬಿಟ್ಟದ್ದು ತಮ್ಮ ಮುಂದೆ. ನನ್ನ ದೂರು ಶುರುವಾಗುವುದೇ ಇಲ್ಲಿಂದ.

ತಮ್ಮ ಕಂಪನಿಯವರು ಊರಿನ ಬಸ್ಸುಗಳಿಗೆ ವೇಳಾಪಟ್ಟಿ ಮಾಡುವ ಪ್ರೋಗ್ರಾಂ ಬರೆಯುತ್ತಾರೆ. ಬೇಸಿಗೆ ರಜೆಯ ಎರಡು ತಿಂಗಳು ಕೆಲಸ ಕಲಿಯಲು ವಿದ್ಯಾರ್ಥಿಗಳು ಬೇಕೆಂದು ಅವರ ಪ್ರಕಟಣೆ ನೋಡಿದಾಗ ನನಗೆ ಆದದ್ದನ್ನು ಹೇಗೆ ಹೇಳಲಿ. ಯಾವ ಬಸ್ಸು ಯಾವ ನಿಲ್ದಾಣಕ್ಕೆ ಎಷ್ಟು ನಿಮಿಷಕ್ಕೆ ಬರಬೇಕು ಎಂದು ದಿನವಿಡೀ ಯೋಚಿಸುವ ಜಾಗ ಭೂಮಿಯ ಮೇಲೆ ಇದೆ, ಅಲ್ಲಿಗೆ ಹೋಗಲು ಅರ್ಜಿ ಹಾಕಿದರೆ ಸಾಕು ಎಂದಾಗ ನಾನು ರೂಮಿನಲ್ಲಿ ಎರಡು ಸುತ್ತು ಓಡಿದೆ. ಈ ಕೆಲಸವೊಂದು ನನಗೆ ಬೇಕು ಚೌಕದವರೇ. ಬೇರೆ ಕೆಲಸಗಳನ್ನು ನಾನು ಹೊಂದಿಸಿಕೊಂಡು ಮಾಡಿಯೇನು. ಇದೊಂದು ಮಾತ್ರ ನನ್ನನ್ನು ನೋಡಿ ಹೊಲಿದ ಅಂಗಿಯಂತಿದೆ.

ಆದರೆ ಪುಟ ನಾಲ್ಕರಲ್ಲಿ ತಾವು ಕೂತಿದ್ದಿರಿ. ಹೇಳಬೇಕೋ, ಬೇಡವೋ?

ಅಕ್ಕ ಹೇಳು ಎಂದಳು. ಫೋನಿನಲ್ಲಿ ಅವಳ ಮಾತು ಹೀಗಿತ್ತು: "ನೀನು ಹೇಳ್ದೆ ಇದ್ರೆ ಅವರಿಗೇನು ಕನಸು ಬೀಳತ್ತಾ? ಅವರು ನಿನ್ನ ಮುಖ ನೋಡಿ, ಈ ಹುಡುಗಿಗೆ ಸೊಕ್ಕು ಅಂದ್ಕೋತಾರೆ." ರೂಮ್‌ಮೇಟ್ ಮೂಲಕ ಸುದ್ದಿ ಹರಿದು, ನಮ್ಮ ಕಾಲೇಜಿನ ಗೋಡೆಪತ್ರಿಕೆಯ ಸಂಪಾದಕನೂ ಹನ್ನೊಂದು ಇಂಟರ್ವ್ಯೂಗಳಿಗೆ ಹೋಗಿಬಂದವನೂ ಆದ ಸೀನಿಯರ್ ಒಬ್ಬ ತಾನಾಗಿಯೇ ಸಲಹೆಗೆ ಬಂದ. ಅವನನ್ನು ನಾವು 'ಅನುಭವಿ' ಎನ್ನುತ್ತೇವೆ. "ಮೊದ್ಲು ಕೆಲ್ಸ ತಗೋ, ಆಮೇಲೆ ಹೇಳು. ಹನ್ನೊಂದು ಇಂಟರ್ವ್ಯೂ ಕಂಡೋನು ಹೇಳ್ತಿದ್ದೀನಿ" ಎಂದ. ಎಷ್ಟರಲ್ಲಿ ಕೆಲಸ ಸಿಕ್ಕಿತು ಎಂದು ನಾನು ಕೇಳಿದ್ದಕ್ಕೆ, "ಅದು ಬೇರೆ ಪ್ರಶ್ನೆ" ಎಂದು ಎದ್ದುಹೋದ.

ನಾನು ಒಂಬತ್ತು ಸಲ ಬರೆದು ನೋಡಿದೆ. ತಾವು ಕೊಟ್ಟಿರುವ ಇನ್ನೂರು ಅಕ್ಷರಗಳಲ್ಲಿ 'ತೊಂದರೆ ಕೊಡುತ್ತಿರುವುದಕ್ಕೆ ಕ್ಷಮಿಸಿ' ಎನ್ನುವುದಕ್ಕೆ ಒಂದಿಷ್ಟು, 'ಆದರೆ ನಾನು ಚೆನ್ನಾಗಿಯೇ ಓದುತ್ತೇನೆ' ಎನ್ನುವುದಕ್ಕೆ ಒಂದಿಷ್ಟು, 'ಇದು ಅಂಟುವುದಿಲ್ಲ' ಎಂಬ ತಮಾಷೆಗೆ ಒಂದಿಷ್ಟು ಹೋಗಿ, ನಿಜವಾಗಿ ಬೇಕಾದದ್ದನ್ನು ಹೇಳುವಷ್ಟರಲ್ಲಿ ತಾವು ಬಾಗಿಲು ಹಾಕಿಕೊಂಡಿರುತ್ತಿದ್ದಿರಿ.

ಇನ್ನು ತಪ್ಪಿನ ವಿಷಯ. ತಪ್ಪು ನನ್ನದೇ, ಆದರೆ ಅದರಲ್ಲಿ ನನ್ನ ವಿದ್ಯೆಯ ಪಾಲೂ ಇದೆ. ನಮ್ಮ ಲ್ಯಾಬ್ ಸರ್ ಮೊದಲ ವಾರವೇ ಕಲಿಸಿದ್ದು: "ಯಾವ ಚೌಕ ಕಂಡ್ರೂ ನಂಬಬೇಡಿ. ಖಾಲಿ ಬಿಟ್ಟು ನೋಡಿ, ತುಂಬಿ ತುಳುಕಿಸಿ ನೋಡಿ, ಸಾಧ್ಯವೇ ಇಲ್ಲದ್ದನ್ನ ಹಾಕಿ ನೋಡಿ. ಆಮೇಲೆ ನಂಬಿ." ವೈದ್ಯರ ಮಕ್ಕಳು ಎಲ್ಲರ ನಾಡಿ ಹಿಡಿಯುವ ಹಾಗೆ ನಮಗೆ ಈಗ ಯಾರದೇ ಫಾರ್ಮ್ ಕಂಡರೂ ಕೈ ತಡೆಯುವುದಿಲ್ಲ. ಹತ್ತನೇ ಸಲ ಬರೆಯುವ ಮುನ್ನ ತಾವು ಎಂಥವರೆಂದು ಪರೀಕ್ಷಿಸೋಣವೆನ್ನಿಸಿತು. 'ಹೌದು' ಒತ್ತಿದರೆ ಮಾತ್ರ ತಾವು ಬಾಗಿಲು ತೆರೆಯುವವರು, ಒತ್ತಿದೆ. 'ಯಾವುದು' ಎಂದು ಒಂದು ಪಟ್ಟಿ ಬಂತು. ಅದರಲ್ಲಿ ನನಗಿರುವುದನ್ನೇ, ಆಟಿಸಂ ಎಂದು, ಆರಿಸಿದೆ. ಆಮೇಲೆ ತಮ್ಮೊಳಗೆ, ಬಾಯಿಗೆ ಬಂದದ್ದನ್ನು, ಈ ಕೆಳಗಿನಂತೆ ತುಂಬಿದೆ:

'ಟ್ಯೂಬ್‌ಲೈಟ್ ಆರಿಸಿರಬೇಕು. ಸಂದರ್ಶಕರು ಗೋಡೆಗೆ ಮುಖ ಮಾಡಿ ಕೂತಿರಬೇಕು. ನಿಮ್ಮ ಬಗ್ಗೆ ಹೇಳಿ ಎಂದು ಯಾರೂ ಕೇಳಬಾರದು. ಮೇಜಿನ ಮೇಲೆ ಒಂದು ಕುದುರೆ ಇರಬೇಕು.'

ಕುದುರೆ ಯಾಕೆಂದರೆ ಇನ್ನೂ ಜಾಗ ಉಳಿದಿತ್ತು.

ತಾವು ಕೆಂಪಕ್ಷರದಲ್ಲಿ ಬೈಯುತ್ತೀರೆಂದು ಕಾದು ಕೊನೆಯ ಬಟನ್ ಒತ್ತಿದೆ. ಮೂರನೇ ಪುಟದ ಚೌಕಗಳು ಎಂಥ ಕಟ್ಟುನಿಟ್ಟಿನವು ಗೊತ್ತೇ? ಫೋನ್ ನಂಬರಿನಲ್ಲಿ ಒಂದು ಅಂಕಿ ಬಿಟ್ಟರೆ ನಾಲ್ಕು ಕಡೆ ಉರಿಯುತ್ತವೆ. ತಾವು ಮಾತ್ರ, 'ಖಚಿತವೇ?' ಎಂದೂ ಕೇಳದೆ, 'ಕುದುರೆಯೇ?' ಎಂದು ಹುಬ್ಬನ್ನೂ ಏರಿಸದೆ, 'ಧನ್ಯವಾದಗಳು, ತಮ್ಮ ಅರ್ಜಿ ತಲುಪಿದೆ' ಎಂದಿರಿ. ನನ್ನನ್ನು ಇಷ್ಟು ಪೂರ್ತಿಯಾಗಿ ನಂಬಿದವರು ಇದುವರೆಗೆ ಯಾರೂ ಇರಲಿಲ್ಲ. ಆ ಸುಳ್ಳು ಪರೀಕ್ಷೆಯಲ್ಲಿ ನಿಜವಾಗಿದ್ದದ್ದು ಒಂದೇ, ಆ ಪಟ್ಟಿಯಲ್ಲಿ ಆರಿಸಿದ್ದು. ಐದು ತಿಂಗಳು ನುಂಗಿಕೊಂಡಿದ್ದ ಮಾತನ್ನು ಹೊರಗಿನವರಿಗೆ ಮೊದಲ ಸಲ ಹೇಳಿದ್ದೇನೆ, ಅದೂ ಒಂದು ಕುದುರೆಯ ಜೊತೆ.

ಇಂಟರ್ವ್ಯೂಗೆ ಕರೆ ಬಂತು. ಹೋದೆ. ಎರಡನೇ ಮಹಡಿ, ಗಾಜಿನ ಬಾಗಿಲು, ಅದರ ಮೇಲೆ 'ದಬ್ಬಿ' ಎಂದಿತ್ತು, ಎಳೆದೆ. ಎಚ್.ಆರ್. ಮೇಡಂ ನನ್ನ ಅರ್ಜಿಯ ಪ್ರಿಂಟ್ ಹಿಡಿದು ಬಂದರು. ತಮ್ಮ ಮಾತುಗಳಿಗೆ, ಅಂದರೆ ನನ್ನ ಮಾತುಗಳಿಗೆ, ಅವರು ಹಸಿರು ಇಂಕಿನಲ್ಲಿ ಒಂದೊಂದಾಗಿ ಟಿಕ್ ಹಾಕಿದ್ದರು. ಕೋಣೆಯ ಟ್ಯೂಬ್‌ಲೈಟ್ ಆರಿತ್ತು, ಕಿಟಕಿಯ ಪರದೆ ಸರಿಸಿತ್ತು. ಇಬ್ಬರು ಸಂದರ್ಶಕರು, ಒಬ್ಬರು ದಪ್ಪ, ಒಬ್ಬರು ಸಣ್ಣ, ತಪ್ಪು ಮಾಡಿದ ಶಾಲೆಯ ಮಕ್ಕಳ ಹಾಗೆ ಗೋಡೆಗೆ ಮುಖ ಮಾಡಿ ಕೂತಿದ್ದರು. ಮೇಜಿನ ಮೇಲೆ ಗೇಣುದ್ದದ, ಒಂದು ಕಾಲು ಮುರಿದ, ನೇರಳೆ ಬಾಲದ ಪ್ಲಾಸ್ಟಿಕ್ ಕುದುರೆ ಸ್ಟೇಪ್ಲರಿಗೆ ಒರಗಿ ನಿಂತಿತ್ತು. ಮೇಡಂ ತಗ್ಗಿದ ದನಿಯಲ್ಲಿ, "ದೊಡ್ಡದು ಸಿಗಲಿಲ್ಲಮ್ಮ, ಬೇಜಾರು ಮಾಡ್ಕೋಬೇಡ. ನಮ್ಮ ಮಗಳದು. ಸಂಜೆಗೆ ವಾಪಸ್ ಕೊಡ್ಬೇಕು, ಇಲ್ಲಾಂದ್ರೆ ಮನೇಲಿ ಯುದ್ಧ" ಎಂದು ಹೇಳಿ ಹೋದರು.

ನಗಬೇಕೋ ಓಡಬೇಕೋ ತಿಳಿಯದೆ ಕುದುರೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಆಮೇಲೆ ನಡೆದದ್ದಕ್ಕೆ ತಮ್ಮನ್ನು ಹೊಗಳಲೇಬೇಕು. ಅಲ್ಲಿ ಮುಖಗಳೇ ಇರಲಿಲ್ಲ. ಯಾರ ಹುಬ್ಬು ಯಾಕೆ ಮೇಲೇರಿತು, ಈ ನಗು ಒಪ್ಪಿಗೆಯದೋ ಅಯ್ಯೋ ಪಾಪದ್ದೋ ಎಂದು ಲೆಕ್ಕ ಹಾಕುವ ಕೆಲಸವಿರಲಿಲ್ಲ. ಎರಡು ಬೆನ್ನು, ನಾಲ್ಕು ಕಿವಿ, ಅಷ್ಟೇ. ನನ್ನ ಮಾತು ನಲ್ಲಿ ಬಿಟ್ಟ ಹಾಗೆ ಹರಿಯಿತು. ಆರು ಬಸ್ಸು, ನಲವತ್ತು ನಿಲ್ದಾಣ, ಯಾರೂ ಹೆಚ್ಚು ಕಾಯದಂತೆ ಹೇಗೆ ಓಡಿಸುತ್ತೀರಿ ಎಂದು ದಪ್ಪನೆಯವರು ಗೋಡೆಯನ್ನು ಕೇಳಿದರು. ನಾನು ಹಾಸ್ಟೆಲಿನ ಆರು ಬಚ್ಚಲುಮನೆ, ನಲವತ್ತು ಹುಡುಗಿಯರು, ತಲೆಸ್ನಾನದ ಭಾನುವಾರ ಇವುಗಳನ್ನೆಲ್ಲ ಬೋರ್ಡಿನ ಮೇಲೆ ಬರೆದು, ಉದ್ದ ಕೂದಲಿನವರನ್ನು ಒಂದೇ ಸಾಲಿಗೆ ಹಾಕಬಾರದು ಎಂಬಲ್ಲಿಂದ ಶುರು ಮಾಡಿ ಪೂರ್ತಿ ಬಿಡಿಸಿಟ್ಟೆ. ಬೋರ್ಡ್ ಅವರ ಬೆನ್ನ ಹಿಂದಿದ್ದುದರಿಂದ ಪ್ರತಿ ಸಾಲನ್ನೂ ಓದಿ ಹೇಳಿ, ಕುದುರೆಯೊಂದಿಗೆ ಮತ್ತೆ ಕೂತೆ. "ಇದನ್ನೆಲ್ಲಿ ಕಲಿತ್ರಿ?" ಎಂದರು ಸಣ್ಣನೆಯವರು. "ಬಚ್ಚಲುಮನೆ ಬಾಗಿಲಲ್ಲಿ ಸರ್" ಎಂದೆ. ಎರಡು ಬೆನ್ನುಗಳೂ ಅಲುಗಿದವು. ಅದು ನಗು ಎಂದು ಯಾರೂ ಹೇಳಿಕೊಡದೆಯೇ ನನಗೆ ತಿಳಿಯಿತು.

ಅಲ್ಲಿಗೇ ಮುಗಿದಿದ್ದರೆ ಈ ಪತ್ರ ಬರುತ್ತಿರಲಿಲ್ಲ. ಸಣ್ಣನೆಯವರು ಒಂದೇ ಉಸಿರಿಗೆ, ಒಂದು ಬಸ್ಸು ಕೆಟ್ಟರೆ ಏನು ಮಾಡುತ್ತೀರಿ, ಅದು ಕೆಟ್ಟಿದೆ ಎಂದು ಪ್ರೋಗ್ರಾಮಿಗೆ ಹೇಗೆ ತಿಳಿಯುತ್ತದೆ, ಆಗ ಕಾಯುವವರಿಗೆ ಯಾರು ಹೇಳುತ್ತಾರೆ ಎಂದು ಮೂರು ಪ್ರಶ್ನೆ ಕೇಳಿದರು. ಬಾಯಲ್ಲಿ ಕೇಳಿದ ಮೂರು ಪ್ರಶ್ನೆ ನನ್ನ ತಲೆಯಲ್ಲಿ ಒಂದರ ಕಾಲು ಒಂದು ತುಳಿಯುತ್ತವೆ. ನಾನು ಸುಮ್ಮನಾದೆ. ಸುಮ್ಮನಾದಾಗ ನನ್ನ ಬೆರಳು ಗಾಳಿಯಲ್ಲಿ ಬರೆಯುತ್ತದೆ. ಕಂಡವರಿಗೆ ಇವಳು ಏನೋ ಲೆಕ್ಕ ಹಾಕುತ್ತಿದ್ದಾಳೆಂದು ಗೊತ್ತಾಗುತ್ತದೆ. ಕಾಣುವವರು ಯಾರಿದ್ದರು?

ಅರ್ಧ ನಿಮಿಷವಾಯಿತು. "ಇದ್ದಾರಾ?" ಎಂದು ದಪ್ಪನೆಯವರು ಪಿಸುಗುಟ್ಟಿದರು. "ಹೋಗ್ಬಿಟ್ರು ಅನ್ಸತ್ತೆ." "ತಿರುಗಿ ನೋಡ್ಲಾ?" "ಬೇಡ ಬೇಡ, ಫಾರ್ಮಲ್ಲಿದೆ, ತಿರುಗೋ ಹಾಗಿಲ್ಲ." "ಬಾಗಿಲ ಸದ್ದು ಕೇಳಿಸ್ತಾ?" "ನಿಮ್ಮ ಕುರ್ಚಿ ಕಿರುಗುಟ್ಟಿದ್ದು ಕೇಳಿಸ್ತು." ಅಷ್ಟರಲ್ಲಿ ನನ್ನ ತೊಡೆಯಿಂದ ಕುದುರೆ ಜಾರಿ ನೆಲಕ್ಕೆ ಬಿತ್ತು, ಅವರಿಬ್ಬರೂ ನಿಟ್ಟುಸಿರು ಬಿಟ್ಟರು. "ಇದ್ದೀನಿ ಸರ್, ಯೋಚನೆ ಮಾಡ್ತಿದ್ದೀನಿ" ಎಂದೆ. ಮೂರರಲ್ಲಿ ಒಂದಕ್ಕೆ ಉತ್ತರ ಕೊಟ್ಟೆ, ಉಳಿದೆರಡು ಯಾವುವೆಂದು ಕೇಳದೆ ಕುದುರೆಯನ್ನು ಎತ್ತಿಕೊಂಡೆ.

ಹೊರಡುವಾಗ ದಪ್ಪನೆಯವರು, ಮೆಲ್ಲಗೆ, ಗೋಡೆಗೇ, "ಒಂದು ಕೇಳ್ಲಾ? ತಪ್ಪು ತಿಳ್ಕೋಬೇಡಿ. ಕುದುರೆ ಯಾಕೆ?" ಎಂದರು. ನಿಜ ಹೇಳಲು ಅದೇ ಹೊತ್ತು. ನಾನು, "ಧೈರ್ಯಕ್ಕೆ ಸರ್" ಎಂದುಬಿಟ್ಟೆ. "ಓಹೋ, ಸರಿ ಸರಿ" ಎಂದು ಅವರು ಎಷ್ಟು ಗೌರವದಿಂದ ತಲೆಯಾಡಿಸಿದರೆಂದರೆ, ಮೆಟ್ಟಿಲು ಇಳಿಯುವಾಗ ನನ್ನ ಕಿವಿ ಬಿಸಿಯಾಗಿತ್ತು.

ನಿನ್ನೆ ಮೇಡಂ ಬರೆದಿದ್ದಾರೆ. ಮೊದಲ ಸುತ್ತು ಪಾಸಾಗಿದ್ದೇನೆ. ಎರಡನೇ ಸುತ್ತಿಗೆ ಐದು ಜನ ಸಂದರ್ಶಕರು. ಅದೇ ವ್ಯವಸ್ಥೆ ಇರುತ್ತದೆ. ಐದು ಕುರ್ಚಿಗಳನ್ನು ಗೋಡೆಗೆ ಹಿಡಿಸಲು ಅಲಮಾರನ್ನು ಪಕ್ಕದ ಕೋಣೆಗೆ ಸಾಗಿಸಿದ್ದಾರೆ. ಈ ಸಲ ನಾಲ್ಕೂ ಕಾಲಿರುವ ಕುದುರೆ ಹುಡುಕುತ್ತಿದ್ದಾರಂತೆ. ಜೊತೆಗೆ ಹೊಸ ಫಾರ್ಮಿನ ಲಿಂಕ್. ತೆರೆದರೆ ಪುಟ ನಾಲ್ಕರಲ್ಲಿ ಮತ್ತೆ ತಾವು, ಹೊಟ್ಟೆಯಲ್ಲಿ ನನ್ನ ಹಳೆಯ ಮಾತುಗಳನ್ನೇ ಇಟ್ಟುಕೊಂಡು, ಬೂದು ಬಣ್ಣಕ್ಕೆ ತಿರುಗಿ, ಬೀಗ ಹಾಕಿಕೊಂಡು. ಕೆಳಗೆ ಸಣ್ಣಕ್ಷರದಲ್ಲಿ: 'ಅಭ್ಯರ್ಥಿಗೆ ಮತ್ತೆ ಮತ್ತೆ ಹೇಳಿಕೊಳ್ಳುವ ಮುಜುಗರವಾಗದಿರಲೆಂದು ಈ ಮಾಹಿತಿಯನ್ನು ಹಾಗೆಯೇ ಉಳಿಸಿಕೊಳ್ಳಲಾಗಿದೆ.' ಇಂಥ ಸೂಕ್ಷ್ಮ ಮನಸ್ಸು ಯಾರಿಗಿದೆ? ನನ್ನ ಮುಜುಗರವನ್ನು ತಪ್ಪಿಸಲು ತಾವು ನನ್ನ ಬಾಯನ್ನೇ ತಪ್ಪಿಸಿದಿರಿ.

ಮೇಡಂಗೆ ಫೋನ್ ಮಾಡು ಎಂದಳು ಅಕ್ಕ. ಮಾಡಲು ಹೋಗುತ್ತೇನೆ, ಹತ್ತರಲ್ಲಿ ಒಂಬತ್ತು ಅಂಕಿ ಒತ್ತುತ್ತೇನೆ, ಹತ್ತನೆಯದಕ್ಕೆ ಬೆರಳು ಹೋಗುವುದಿಲ್ಲ. "ತಮಾಷೆಗೆ ಬರೆದಿದ್ದೆ ಅನ್ನು, ಮುಗೀತು" ಎಂದ ಅನುಭವಿ. ಮುಗಿಯುವುದಿಲ್ಲ. ಕುದುರೆ ತಮಾಷೆ ಎಂದರೆ ಅದರ ಜೊತೆ ಹೇಳಿದ ಆಟಿಸಮ್ಮೂ ತಮಾಷೆ ಎಂದಾಗುತ್ತದೆ. ಮುಂದಿನ ವರ್ಷ ಟ್ಯೂಬ್‌ಲೈಟಿನ ಬೆಳಕು ನಿಜವಾಗಿಯೂ ಕಣ್ಣಿಗೆ ಚುಚ್ಚುವ ಯಾರೋ ಒಬ್ಬರು ಬಂದು ಕೇಳಿದಾಗ, ಮೇಡಂ ಹಸಿರು ಪೆನ್ನು ಹಿಡಿದು, ಇದೂ ಆ ಕುದುರೆ ಹುಡುಗಿಯಂಥದ್ದೇ ಇರಬೇಕು ಎಂದುಕೊಂಡರೆ ಆ ಪಾಪ ಯಾರ ತಲೆಗೆ? ಮಗಳ ಆಟಿಕೆ ಕದ್ದು ತಂದವರಿಗೆ ನಾನು ಕೊಡುವ ಬಹುಮಾನ ಅದೇ?

ಆದ್ದರಿಂದ ಮಾನ್ಯರೇ, ತಮ್ಮಲ್ಲಿ ನನ್ನ ಕೋರಿಕೆ. ಕೇವಲ ಐದು ನಿಮಿಷ ಬೀಗ ತೆಗೆಯಿರಿ. ನಾನು ಹಳೆಯದನ್ನು ಅಳಿಸಿ ಇದನ್ನು ಬರೆಯುತ್ತೇನೆ:

'ಪ್ರಶ್ನೆಗಳನ್ನು ಒಂದೊಂದಾಗಿ ಬರೆದು ಕೊಡಿ. ನಾನು ಸುಮ್ಮನಾದರೆ ಯೋಚಿಸುತ್ತಿದ್ದೇನೆ, ಒಂದು ನಿಮಿಷ ಕಾಯಿರಿ. ಯಾರು ಬರುತ್ತಾರೆ, ಎಷ್ಟು ಹೊತ್ತು, ಮೊದಲೇ ತಿಳಿಸಿ. ನೀವು ನನ್ನನ್ನು ನೋಡಿ. ನಾನು ನಿಮ್ಮನ್ನು ನೋಡದಿದ್ದರೂ ಕೇಳಿಸಿಕೊಳ್ಳುತ್ತಿರುತ್ತೇನೆ.'

ಎಣಿಸಿದೆ. ಆರಾಮಾಗಿ ಹಿಡಿಸುತ್ತದೆ, ಕಾಲು ಚಾಚುವಷ್ಟು ಜಾಗವೂ ಉಳಿಯುತ್ತದೆ. ಒಂಬತ್ತು ಸಲ ಯಾಕೆ ಹಿಡಿಸಿರಲಿಲ್ಲವೆಂದು ಈಗ ಗೊತ್ತಾಯಿತು: ಇದರಲ್ಲಿ 'ಕ್ಷಮಿಸಿ' ಇಲ್ಲ. ಎಲ್ಲವನ್ನೂ ಪತ್ರದ ಮೊದಲ ಸಾಲಿನಲ್ಲೇ ಖರ್ಚು ಮಾಡಿಬಿಟ್ಟಿದ್ದೇನೆ.

ಬೀಗ ತೆಗೆಯುವುದು ತಮ್ಮ ಕೈಯಲ್ಲಿಲ್ಲದಿದ್ದರೆ ಇನ್ನೊಂದು ಉಪಾಯವಿದೆ. ಈ ಪತ್ರವನ್ನು ನಾಳೆ ನಮ್ಮ ಗೋಡೆಪತ್ರಿಕೆಯಲ್ಲಿ ಅಂಟಿಸಲು ಅನುಭವಿ ಒಪ್ಪಿದ್ದಾನೆ; ಕಾಲೇಜಿನವರೆಲ್ಲ ಓದುತ್ತಾರೆ, ಓದಲಿ. ಇದರ ಒಂದು ಪ್ರತಿಯನ್ನು, ಹತ್ತನೇ ಅಂಕಿ ಒತ್ತುವ ಬದಲು, ಈಗಲೇ ಮೇಡಂಗೆ ಕಳಿಸುತ್ತಿದ್ದೇನೆ. ಮೇಡಂ, ಓದಿ ಕೋಪ ಬಂದರೆ ಬರಲಿ, ಆದರೆ ಆ ಪಟ್ಟಿಯಲ್ಲಿ ಆರಿಸಿದ್ದು ಮಾತ್ರ ನಿಜ. ಗುರುವಾರ ಆ ಐದೂ ಜನ ಗೋಡೆಗೆ ಮುಖ ಮಾಡಿ ಕೂರುವುದೇ ಆದರೆ, ದಯವಿಟ್ಟು ಈ ಹಾಳೆಗಳನ್ನು ಅವರ ಕಣ್ಣಿನ ಎತ್ತರಕ್ಕೆ ಆ ಗೋಡೆಗೆ ಅಂಟಿಸಿ. ಓದಿ ಮುಗಿಸಿದವರು ಒಬ್ಬೊಬ್ಬರಾಗಿ ತಿರುಗಲಿ. ನಾನು ಅಲ್ಲೇ ಇರುತ್ತೇನೆ, ಬೆರಳು ಆಡಿಸುತ್ತಾ.

ಇಂತಿ,
ಇನ್ನೂರು ಅಕ್ಷರಗಳಲ್ಲಿ ಹಿಡಿಸಿಯೂ ಮಿಕ್ಕ ತಮ್ಮ ವಿಶ್ವಾಸಿ,
ಅರ್ಜಿ ಹಾಕಿದ 'ಗಂಟೆ'

ತಾ.ಕ.: ತಮ್ಮ ಕೆಳಮನೆಯ ಚೌಕ, 'ಹವ್ಯಾಸಗಳು' ಎಂಬುವವರು, ಎರಡು ಸಾವಿರ ಅಕ್ಷರಗಳವರೆಗೆ ಕೇಳಿಸಿಕೊಳ್ಳುತ್ತಾರೆಂದು ಈಗಷ್ಟೇ ಗಮನಿಸಿದೆ. ಅಂಚೆಚೀಟಿ ಸಂಗ್ರಹಿಸುವವರ ಕಷ್ಟ ದೊಡ್ಡದೇ ಇರಬೇಕು. ಹೊಸ ಕುದುರೆ ಕೊಳ್ಳುವುದು ಬೇಡ. ಮಗಳು ಒಪ್ಪಿದರೆ ಆ ಮೂರು ಕಾಲಿನದೇ ಬರಲಿ, ಅದೀಗ ನಿಜವಾಗಿಯೂ ಧೈರ್ಯಕ್ಕೆ ಬೇಕಾಗಿದೆ. ಇಂಟರ್ವ್ಯೂ ಗುರುವಾರ ಹತ್ತು ಗಂಟೆಗೆ. ಬುಧವಾರ ಸಂಜೆಯೊಳಗೆ ಉತ್ತರಿಸಿ.